ಅನಿಲ ಇರುವುದು ಬೇರೆ, ಮೇಲಕ್ಕೆ ಬರುವುದು ಬೇರೆ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. 950 ಅಡಿ ಕೊರೆಸಿದ ಬೋರ್‌ನಲ್ಲಿ ನೀರಿನ ಜೊತೆ ಗುಳ್ಳೆ ಬರುತ್ತಿದೆ, ಕೊಳೆತ ಮೊಟ್ಟೆಯಂಥ ವಾಸನೆಯೂ ಇದೆ. ಈಚೆಗೆ ದಾವಣಗೆರೆಯಲ್ಲಿ ನಡೆದ ಒಂದು ಸಭೆಯಲ್ಲಿ ಹೀಗೆ ಹೇಳಿದರು: ಭೂಮಿಯ ಆಳದಲ್ಲಿ ಮುಗಿಯದಷ್ಟು ಮೀಥೇನ್ ಇದೆ, ಅದು ಗಿಡ-ಪ್ರಾಣಿ ಕೊಳೆತು ಆದದ್ದಲ್ಲ, ಕಲ್ಲಿನಲ್ಲೇ ಹುಟ್ಟುವಂಥದ್ದು, ಹಾಗಾಗಿ ಚಿತ್ರದುರ್ಗದ ಬಂಡೆಯ ಕೆಳಗೂ ಸಿಗುತ್ತದೆ. ಜಪಾನ್, ಚೀನಾ ಆಗಲೇ ಸಮುದ್ರದ ತಳದಿಂದ ಮೀಥೇನ್ ತೆಗೆದಿವೆಯಂತೆ. ಜಮೀನಿನ ಕರಾರು ಮಾಡಿಕೊಂಡು, ಮುಂಗಡ ಕಟ್ಟಿ ಪಾಲುದಾರರಾಗಿ ಎನ್ನುತ್ತಾರೆ. ಇದರಲ್ಲಿ ನಿಜ ಎಷ್ಟು?

ಉತ್ತರ: ಮೊದಲು ಹಣದ ಮಾತು. ಮುಂಗಡ ಕಟ್ಟಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಜೀವಿಗಳ ಸಂಬಂಧವೇ ಇಲ್ಲದೆ ಕಲ್ಲು ಮತ್ತು ನೀರಿನ ರಾಸಾಯನಿಕ ಕ್ರಿಯೆಯಿಂದ ಮೀಥೇನ್ ಹುಟ್ಟುವುದು ಸಾಬೀತಾಗಿದೆ. ಆದರೆ ಹಾಗೆ ಹುಟ್ಟಿದ ಅನಿಲವನ್ನು ಬಂಡೆಯ ಆಳದಿಂದ ತೆಗೆದು, ಒಲೆಗೋ ವಿದ್ಯುತ್ ಸ್ಥಾವರಕ್ಕೋ ವರ್ಷಗಟ್ಟಲೆ ಕೊಡುತ್ತಿರುವ ಬಾವಿ ಪ್ರಪಂಚದಲ್ಲಿ ಎಲ್ಲೂ ಇಲ್ಲ. ನಿಮ್ಮ ಬೋರಿನ ಗುಳ್ಳೆಗೂ ಈ ಕಥೆಗೂ ಸಂಬಂಧವಿರುವ ಸಾಧ್ಯತೆ ತೀರಾ ಕಡಿಮೆ. ಅದನ್ನು ಪರೀಕ್ಷಿಸುವ ಬಗೆಯನ್ನು ಕೊನೆಯಲ್ಲಿ ಬರೆದಿದ್ದೇನೆ.

ಬೋರ್ ಕೊರೆಸಿದವರಿಗೆ ಈ ವಿಷಯದ ತಿರುಳು ಬೇಗ ಅರ್ಥವಾಗುತ್ತದೆ. ನಿಮ್ಮ ಕಡೆ ಒಂದು ಪಾಯಿಂಟಿನಲ್ಲಿ ಎರಡಿಂಚು ನೀರು ಬಿದ್ದರೆ ಐವತ್ತು ಅಡಿ ಆಚೆ ಬರೀ ಧೂಳು ಹಾರುತ್ತದೆ. ಬಂಡೆ ಎರಡೂ ಕಡೆ ಒಂದೇ. ನೀರು ಬರುವುದು ಬಂಡೆಯಿಂದಲ್ಲ, ಬಂಡೆಯ ಬಿರುಕಿನಿಂದ. ಬಿರುಕು ಸಿಗದಿದ್ದರೆ, ಸಿಕ್ಕರೂ ಅದು ಇನ್ನೊಂದು ಬಿರುಕಿಗೆ ಸೇರಿಕೊಂಡಿರದಿದ್ದರೆ ನೀರಿಲ್ಲ. ಅನಿಲಕ್ಕೂ ಇದೇ ನಿಯಮ. ಹುಟ್ಟಲು ಒಂದು ಜಾಗ, ತುಂಬಿಕೊಂಡು ನಿಲ್ಲಲು ರಂಧ್ರಗಳಿರುವ ಬಂಡೆ, ಮೇಲಕ್ಕೆ ಸೋರಿಹೋಗದಂತೆ ಗಟ್ಟಿ ಮುಚ್ಚಳ, ಈ ಮೂರೂ ಒಂದೇ ಕಡೆ ಕೂಡಿಬರಬೇಕು. ಸಭೆಯಲ್ಲಿ ಹೇಳಿದ್ದು ಮೊದಲನೆಯದನ್ನು ಮಾತ್ರ.

ಅನಿಲ ಕೊಡುವ ಒಳ್ಳೆಯ ಮರಳುಗಲ್ಲಿಗೂ ಬಿರುಕಿಲ್ಲದ ಗ್ರಾನೈಟಿಗೂ ಹರಿವಿನಲ್ಲಿ ಲಕ್ಷ ಪಟ್ಟಿಗಿಂತ ಹೆಚ್ಚು ಅಂತರವಿದೆ. ಅಷ್ಟೇ ಒತ್ತಡವಿದ್ದು, ಅಷ್ಟೇ ದಪ್ಪದ ಪದರ ಇದ್ದರೂ ಮರಳುಗಲ್ಲಿನಲ್ಲಿ ಒಂದು ದಿನದಲ್ಲಿ ಬರುವ ಅನಿಲ ಗ್ರಾನೈಟಿನಲ್ಲಿ ಬರಲು ಕೆಲವು ನೂರು ವರ್ಷ ಹಿಡಿಯುತ್ತದೆ. ನಮಗೆ ಬೇಕಾದದ್ದು ಎಷ್ಟು ಎಂಬುದನ್ನೂ ನೋಡಿ. 14.2 ಕೆ.ಜಿ.ಯ ಒಂದು ಅಡುಗೆ ಸಿಲಿಂಡರಿನ ಶಾಖಕ್ಕೆ ಸುಮಾರು 18 ಘನ ಮೀಟರ್ ನೈಸರ್ಗಿಕ ಅನಿಲ ಸಮ. 100 ಮೆಗಾವಾಟ್‌ನ ಒಂದು ಸಾಧಾರಣ ಅನಿಲ ಸ್ಥಾವರ, ಉರಿಸಿದ ಶಾಖದಲ್ಲಿ ಅರ್ಧವನ್ನು ವಿದ್ಯುತ್ತಾಗಿಸುತ್ತದೆ ಎಂದುಕೊಂಡರೂ, ದಿನಕ್ಕೆ 4.8 ಲಕ್ಷ ಘನ ಮೀಟರ್ ಕೇಳುತ್ತದೆ. ಅದೂ ಪ್ರತಿ ದಿನ, ಇಪ್ಪತ್ತು-ಇಪ್ಪತ್ತೈದು ವರ್ಷ. ಈ 4.8 ಲಕ್ಷದ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಳಕ್ಕೆ ಹೋದಂತೆ ಇನ್ನೊಂದು ತೊಡಕು. ಒಂದು ಕಿ.ಮೀ. ಬಂಡೆಯ ಭಾರ ಸುಮಾರು 265 ವಾತಾವರಣದ ಒತ್ತಡಕ್ಕೆ ಸಮ. 10 ಕಿ.ಮೀ. ಕೆಳಗೆ ಅದು 2,600 ದಾಟುತ್ತದೆ. ಆ ಭಾರಕ್ಕೆ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚದೆ ಉಳಿದದ್ದನ್ನು ಬಿಸಿನೀರು ತಂದು ಬಿಡುವ ಕ್ವಾರ್ಟ್ಸ್, ಕ್ಯಾಲ್ಸೈಟ್ ತುಂಬಿಬಿಡುತ್ತವೆ. ಬಿರುಕನ್ನು ಒಳಗಿನಿಂದ ಒತ್ತಿ ತೆರೆದಿಡುವುದು ಅದರಲ್ಲಿರುವ ಅನಿಲ ಮತ್ತು ನೀರಿನ ಒತ್ತಡ. ನಾವು ಅನಿಲ ತೆಗೆದಷ್ಟೂ ಆ ಒತ್ತಡ ಇಳಿಯುತ್ತದೆ, ಬಿರುಕು ಇನ್ನಷ್ಟು ಬಿಗಿಯುತ್ತದೆ. ಆದ್ದರಿಂದಲೇ ಗಟ್ಟಿ ಬಂಡೆಯಲ್ಲಿ ಮೊದಲ ದಿನ ಜೋರಾಗಿ ಬಂದ ಅನಿಲ ಕೆಲವು ವಾರಗಳಲ್ಲಿ ಸೊರಗಬಹುದು. ಸಿಕ್ಕಿದ್ದು ಕೆರೆಯಲ್ಲ, ಒಂದು ಸಣ್ಣ ಗುಂಡಿ. ಮೊದಲ ದಿನದ ಜ್ವಾಲೆಯ ಫೋಟೊ ತೋರಿಸಿದರೆ ತೊಂಬತ್ತನೆಯ ದಿನದ ಹರಿವು ಎಷ್ಟಿತ್ತು ಎಂದು ಕೇಳಿ.

ಈ ವಾದವನ್ನು ಜಗತ್ತಿನ ಮುಂದೆ ಗಟ್ಟಿಯಾಗಿ ಇಟ್ಟವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಥಾಮಸ್ ಗೋಲ್ಡ್. ಅವರು ಸುಮ್ಮನೆ ಮಾತಾಡಿದವರಲ್ಲ, ಪರೀಕ್ಷೆಗೆ ಒಡ್ಡಿದರು. ಆ ಗೌರವ ಅವರಿಗೆ ಸಲ್ಲಬೇಕು. ಸ್ವೀಡನ್ನಿನ ಸಿಲ್ಯಾನ್ ಎಂಬಲ್ಲಿ ಸುಮಾರು 38 ಕೋಟಿ ವರ್ಷದ ಹಿಂದೆ ಉಲ್ಕೆ ಬಿದ್ದು 50 ಕಿ.ಮೀ. ಅಗಲದ ಗುರುತು ಉಳಿದಿದೆ. ಪೆಟ್ಟಿಗೆ ಗ್ರಾನೈಟ್ ಆಳದವರೆಗೂ ಒಡೆದಿರಬೇಕು, ಆ ದಾರಿಯಲ್ಲಿ ಕೆಳಗಿನ ಮೀಥೇನ್ ಮೇಲೆ ಬಂದಿರಬೇಕು ಎಂಬುದು ಅವರ ತರ್ಕ. ಬಿರುಕಿನ ಸಮಸ್ಯೆಗೆ ಅವರು ಕೊಟ್ಟ ಉತ್ತರ ಅದು, ಒಳ್ಳೆಯ ಉತ್ತರವೇ. 1986ರಲ್ಲಿ ಕೊರೆಯಲು ಶುರುಮಾಡಿ ಆರೂವರೆ ಕಿ.ಮೀ. ದಾಟಿದರು. ಮಾರಾಟಕ್ಕೆ ಬರುವಷ್ಟು ಅನಿಲ ಸಿಗಲಿಲ್ಲ. ಕಪ್ಪನೆಯ, ಎಣ್ಣೆಯಂಥ ಕೆಸರು ಬಂತು. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ನುಣುಪಾದ ಪುಡಿ ಇತ್ತು. ಆ ಕೆಸರಿನಲ್ಲಿದ್ದದ್ದು ಆಳದ ಎಣ್ಣೆ ಎಂದು ಗೋಲ್ಡ್ ವಾದಿಸಿದರು. ಕೊರೆಯುವ ಕೆಲಸಕ್ಕೆ ಬಳಸಿದ ಎಣ್ಣೆಯೇ ತಿರುಗಿ ಬಂದಿದೆ ಎಂದು ಉಳಿದವರು ಹೇಳಿದರು. 1990ರ ದಶಕದ ಆರಂಭದಲ್ಲಿ ಎರಡನೆಯ ಬಾವಿಯನ್ನೂ ಕೊರೆದರು, ಅದರಿಂದಲೂ ಅನಿಲ ಕ್ಷೇತ್ರ ಹುಟ್ಟಲಿಲ್ಲ. ಮುಂದೆ ಅದೇ ವೃತ್ತದ ಅಂಚಿನಲ್ಲಿ, ಹೆಚ್ಚು ಆಳವಿಲ್ಲದ ಕಡೆ ಮೀಥೇನ್ ಕಂಡದ್ದು ನಿಜ. ಅದರ ಮೂಲ ಹುಡುಕಿದಾಗ ತಿಳಿದದ್ದೇನೆಂದರೆ, ಜೀವಿಗಳ ಅವಶೇಷವಿರುವ ಜೇಡಿಗಲ್ಲಿನ ಎಣ್ಣೆಯನ್ನು ಸೂಕ್ಷ್ಮಜೀವಿಗಳು ತಿಂದು ಬಿಟ್ಟ ಅನಿಲ ಅದು.

ಇನ್ನೂ ಆಳಕ್ಕೆ ಹೋದರೆ? ರಷ್ಯದ ಕೋಲಾದಲ್ಲಿ 1970ರಲ್ಲಿ ಶುರುವಾದ ಬಾವಿ 1989ರಲ್ಲಿ 12,262 ಮೀಟರ್ ಮುಟ್ಟಿತು. ಹತ್ತೊಂಬತ್ತು ವರ್ಷ. 100 ಡಿಗ್ರಿ ಇರಬಹುದೆಂದುಕೊಂಡಿದ್ದ ತಳದಲ್ಲಿ 180 ಡಿಗ್ರಿ ಸೆಲ್ಸಿಯಸ್ ಇತ್ತು, ಕೊರೆದ ರಂಧ್ರ ಮತ್ತೆ ಮತ್ತೆ ಕೂಡಿಕೊಳ್ಳತೊಡಗಿ ಮುಂದೆ ಹೋಗಲಾಗಲಿಲ್ಲ. ನಿಮ್ಮ ಊರಿಗೆ ಬರುವ ರಿಗ್ ಲಾರಿ ಗಾಳಿಯ ಒತ್ತಡದಿಂದ ಹ್ಯಾಮರ್ ಹೊಡೆದು ಸಾವಿರ ಅಡಿಯನ್ನು ಒಂದು ದಿನದಲ್ಲಿ ಮುಗಿಸುತ್ತದೆ. ಹತ್ತು ಕಿ.ಮೀ. ಆಳಕ್ಕೆ ಆ ವಿಧಾನ ನಡೆಯುವುದಿಲ್ಲ. ರಂಧ್ರ ಕುಸಿಯದಂತೆ ಭಾರದ ಕೆಸರನ್ನು ಸದಾ ಸುತ್ತಿಸುತ್ತಿರಬೇಕು, ಒಂದರೊಳಗೊಂದು ಕೇಸಿಂಗ್ ಇಳಿಸಿ ಸಿಮೆಂಟ್ ಹಾಕುತ್ತ ಹೋಗಬೇಕು, ಹಾಗಾಗಿ ಮೇಲೆ 20 ಇಂಚು ಇದ್ದ ಬಾವಿ ಕೆಳಗೆ ಆರೇಳು ಇಂಚಿಗೆ ಇಳಿಯುತ್ತದೆ. ಐದಿಂಚಿನ ಉಕ್ಕಿನ ಪೈಪು ಮೀಟರಿಗೆ ಸುಮಾರು 29 ಕೆ.ಜಿ. ತೂಗುತ್ತದೆ, 10 ಕಿ.ಮೀ. ಪೈಪು ಎಂದರೆ 290 ಟನ್ ನೇತಾಡುತ್ತಿರುತ್ತದೆ. ಬಿಟ್ ಸವೆದರೆ ಅಷ್ಟನ್ನೂ ಮೇಲೆತ್ತಬೇಕು. 27 ಮೀಟರಿನ ತುಂಡಿನಂತೆ ಬಿಚ್ಚಿದರೂ 370 ಸಲ ಬಿಚ್ಚಬೇಕು, ಮತ್ತೆ 370 ಸಲ ಜೋಡಿಸಬೇಕು. ಈ ಭಾರಕ್ಕೆ ಹೆದರಿಯೇ ಕೋಲಾದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಪೈಪು ಬಳಸಿದರು, ಇಡೀ ಪೈಪನ್ನು ತಿರುಗಿಸದೆ ತುದಿಯಲ್ಲಿದ್ದ ಟರ್ಬೈನ್‌ನಿಂದ ಬಿಟ್ ಒಂದನ್ನೇ ತಿರುಗಿಸಿದರು. ಅಮೆರಿಕದ ಒಕ್ಲಹೋಮದಲ್ಲಿ 1974ರಲ್ಲಿ ಅನಿಲಕ್ಕೆಂದೇ 9,583 ಮೀಟರ್ ಕೊರೆದಾಗ ತಳದಲ್ಲಿ ಸಿಕ್ಕಿದ್ದು ಕರಗಿದ ಗಂಧಕ.

ಹಾಗಾದರೆ ಪ್ರಯೋಗಾಲಯದಲ್ಲಿ ಮೀಥೇನ್ ಮಾಡಿ ತೋರಿಸಿದ್ದು ಸುಳ್ಳೇ? ಅಲ್ಲ. 2004ರಲ್ಲಿ ಕಬ್ಬಿಣದ ಆಕ್ಸೈಡ್, ಸುಣ್ಣದ ಕಲ್ಲಿನ ಖನಿಜವಾದ ಕ್ಯಾಲ್ಸೈಟ್ ಮತ್ತು ನೀರನ್ನು ಎರಡು ವಜ್ರಗಳ ನಡುವೆ ಇಟ್ಟು ಒತ್ತಿ, 500ರಿಂದ 1,500 ಡಿಗ್ರಿಯವರೆಗೆ ಕಾಯಿಸಿದಾಗ ಮೀಥೇನ್ ಬಂತು. ಆದರೆ ಅಲ್ಲಿ ಒತ್ತಡ 50 ಸಾವಿರದಿಂದ ಒಂದು ಲಕ್ಷ ವಾತಾವರಣದ ಆಸುಪಾಸು. ಅದು 150 ಕಿ.ಮೀ. ಹಾಗೂ ಅದಕ್ಕಿಂತ ಕೆಳಗಿನ ಪರಿಸ್ಥಿತಿ. ಮನುಷ್ಯ ಕೊರೆದ ಅತಿ ಆಳದ ರಂಧ್ರ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಅನಿಲ ತಾನಾಗಿ ಮೇಲೆ ಬರಲಿ ಎಂದರೆ, ದಾರಿಯಲ್ಲಿ ಸಿಗುವ ಬಿಸಿ ಬಂಡೆಯಲ್ಲಿ ಮೀಥೇನನ್ನು ಕಾರ್ಬನ್ ಡೈ ಆಕ್ಸೈಡ್ ಮಾಡಲು ಸಾಕಾಗುವಷ್ಟು ಆಮ್ಲಜನಕ ಖನಿಜಗಳ ರೂಪದಲ್ಲಿದೆ. ಇದಕ್ಕೆ ಸಾಕ್ಷಿ ಜ್ವಾಲಾಮುಖಿಗಳು. ಆಳದಿಂದ ನೇರವಾಗಿ ಬರುವ ಅವುಗಳ ಉಸಿರಿನಲ್ಲಿ ಇರುವುದು ಮುಖ್ಯವಾಗಿ ನೀರಿನ ಆವಿ, ಕಾರ್ಬನ್ ಡೈ ಆಕ್ಸೈಡ್, ಗಂಧಕದ ಅನಿಲಗಳು. ಕೆಳಗೆ ಮೀಥೇನ್ ಸಮುದ್ರವೇ ಇದ್ದಿದ್ದರೆ ಮೊದಲು ಅಲ್ಲಿ ಕಾಣಬೇಕಿತ್ತು.

ಕಲ್ಲಿನಲ್ಲಿ ಹುಟ್ಟಿದ ಮೀಥೇನ್ ಹತ್ತಿರದಲ್ಲೇ, ಮೇಲಿನ ಎರಡು-ಮೂರು ಕಿ.ಮೀ.ನಲ್ಲೂ ಸಿಕ್ಕಿದೆ. ಕಬ್ಬಿಣ-ಮೆಗ್ನೀಸಿಯಂ ಹೆಚ್ಚಿರುವ ಕಪ್ಪು ಬಂಡೆಗೆ ನೀರು ತಾಗಿ ಅದು ಸರ್ಪೆಂಟೈನ್ ಎಂಬ ಹಸಿರು ಕಲ್ಲಾಗುವಾಗ ಹೈಡ್ರೋಜನ್ ಹೊರಬರುತ್ತದೆ. ಅದು ಕಾರ್ಬನ್ ಜೊತೆ ಸೇರಿದರೆ ಮೀಥೇನ್. ಕೆನಡಾದ ಒಂಟಾರಿಯೊದ ಕಿಡ್ ಕ್ರೀಕ್ ಗಣಿಯಲ್ಲಿ ಎರಡು ಕಿ.ಮೀ.ಗೂ ಕೆಳಗೆ ಇಂಥ ಅನಿಲವನ್ನು ಗುರುತಿಸಿ 2002ರಲ್ಲಿ ಪ್ರಕಟಿಸಿದ ವಿಜ್ಞಾನಿಗಳೇ, ವಾಣಿಜ್ಯ ನಿಕ್ಷೇಪಗಳಲ್ಲಿ ಇದರ ಪಾಲು ಗಣನೆಗೆ ಬರುವಂಥದ್ದಲ್ಲ ಎಂದೂ ಬರೆದರು. ಟರ್ಕಿಯ ಯಾನಾರ್ತಾಶ್ ಬೆಟ್ಟದಲ್ಲಿ ಸಾವಿರಾರು ವರ್ಷಗಳಿಂದ ಕಲ್ಲಿನ ಸಂದಿಯಲ್ಲಿ ಬೆಂಕಿ ಉರಿಯುತ್ತಿದೆ, ಹೀಗೆ ಹುಟ್ಟಿದ ಮೀಥೇನೇ ಅದರ ಮುಖ್ಯ ಭಾಗ. ನೋಡಲು ಅದ್ಭುತ. ವರ್ಷಕ್ಕೆ ಅಲ್ಲಿ ಹೊರಬರುವುದು ಅಂದಾಜು 150ರಿಂದ 190 ಟನ್. ಶಾಖದ ಲೆಕ್ಕದಲ್ಲಿ ದಿನಕ್ಕೆ ಮೂವತ್ತು-ನಲವತ್ತು ಅಡುಗೆ ಸಿಲಿಂಡರ್. ಅಜೈವಿಕ, ಅಂದರೆ ಜೀವಿಗಳಿಲ್ಲದೆ ಹುಟ್ಟಿದ ಮೀಥೇನಿಗೆ ಜಗತ್ತು ತೋರಿಸುವ ಹೆಸರುವಾಸಿ ಉದಾಹರಣೆ ಇಷ್ಟು ಕೊಡುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ತಲೆದಿಂಬು ಜೋಡಿಸಿದಂತೆ ಕಾಣುವ ಲಾವಾ ಶಿಲೆ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿ ಉಕ್ಕಿ ತಣ್ಣಗಾದ ಲಾವಾ ಆ ಆಕಾರ ಪಡೆಯುತ್ತದೆ, ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು. ಪ್ರಾಚೀನ ಸಮುದ್ರತಳದ ಬಂಡೆ ಇಲ್ಲಿದೆ, ಆದ್ದರಿಂದ ಮೀಥೇನ್ ಇದೆ ಎಂದು ಯಾರಾದರೂ ಹೇಳಿದರೆ ಕೇಳಲು ಸರಿ ಎನಿಸುತ್ತದೆ. ಆದರೆ ಆ ಬಂಡೆಗಳು ಮುಂದೆ ಮಡಿಚಿ, ಹಲವು ನೂರು ಡಿಗ್ರಿ ಕಾದು ರೂಪ ಬದಲಿಸಿದವು. ಜೀವಿಗಳ ಅವಶೇಷದಿಂದ ಅನಿಲ ಹುಟ್ಟಲು 120ರಿಂದ 200 ಡಿಗ್ರಿ ಸಾಕು. ಅದನ್ನು ಮೀರಿ ಕಾದರೆ ಉಳಿಯುವುದು ಗ್ರಾಫೈಟ್. ಆಗ ಹುಟ್ಟಿದ ಅನಿಲ ಯಾವುದೇ ಬಗೆಯದಾಗಿರಲಿ, 200 ಕೋಟಿ ವರ್ಷ ಸೋರದೆ ನಿಲ್ಲಲು ಜೇಡಿಗಲ್ಲು ಅಥವಾ ಉಪ್ಪಿನಂಥ ಮುಚ್ಚಳ ಬೇಕು. ಇಲ್ಲಿ ಮೇಲೆ ಇರುವುದು ಬಿರುಕುಬಿಟ್ಟ ಕಲ್ಲು ಮತ್ತು ಎರೆಮಣ್ಣು. ಕೋಲಾರದ ಗಣಿ ಇಂಥದೇ ಹಳೆಯ ಶಿಲಾಪಟ್ಟಿಯಲ್ಲಿ 3.2 ಕಿ.ಮೀ. ಕೆಳಗಿಳಿದು, ನೂರಿಪ್ಪತ್ತು ವರ್ಷ ನಡೆದು 2001ರಲ್ಲಿ ಮುಚ್ಚಿತು. ಅಲ್ಲಿ ಚಿನ್ನ ಸಿಕ್ಕಿತು, ಒತ್ತಡಕ್ಕೆ ಬಂಡೆ ಸಿಡಿಯುವ ಅಪಘಾತಗಳಾದವು. ಅನಿಲ ನಿಕ್ಷೇಪ ಸಿಗಲಿಲ್ಲ. ಕರ್ನಾಟಕದಲ್ಲಿ ಪೆಟ್ರೋಲಿಯಂ ಇಲಾಖೆಯ ಪಟ್ಟಿಯಲ್ಲಿರುವ ಒಳನಾಡಿನ ಕಣಶಿಲಾ ಪ್ರದೇಶ (ಮರಳು, ಹೂಳು ಪದರವಾಗಿ ಕೂತು ಗಟ್ಟಿಯಾದ ಕಲ್ಲಿನ ಜಾಗ) ಎಂದರೆ ಉತ್ತರದ ಕಲಾದಗಿ ಮತ್ತು ಭೀಮಾ. ಚಳ್ಳಕೆರೆ ಅದರಲ್ಲಿಲ್ಲ.

ಇನ್ನೆರಡು ವಾದ ಮುಂದಿಟ್ಟರೆ ಉತ್ತರ ಗೊತ್ತಿರಲಿ. 'ಅನಿಲದ ಜೊತೆ ಹೀಲಿಯಂ ಬರುತ್ತದೆ, ಅದು ಆಳದ ಗುರುತು' ಎನ್ನುತ್ತಾರೆ. ಗ್ರಾನೈಟಿನಲ್ಲಿರುವ ಯುರೇನಿಯಂ, ಥೋರಿಯಂ ಕ್ಷಯಿಸುವಾಗಲೂ ಹೀಲಿಯಂ ಹುಟ್ಟುತ್ತದೆ. ಯಾವುದು ಎಂದು ಹೀಲಿಯಂ-3 ಮತ್ತು ಹೀಲಿಯಂ-4ರ ಪ್ರಮಾಣ ಹೇಳುತ್ತದೆ, ಆ ಅಳತೆ ಇಲ್ಲದೆ ಹೀಲಿಯಂ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ. 'ಖಾಲಿಯಾದ ತೈಲ ಬಾವಿ ಮತ್ತೆ ತುಂಬಿದೆ' ಎನ್ನುತ್ತಾರೆ. ಕೆಳಗಿನ ಪದರದಿಂದ ಸೀಳಿನ ಮೂಲಕ ಸ್ವಲ್ಪ ಏರಿ ಬರುವುದುಂಟು, ಆ ಕೆಳಗಿನ ಪದರವೂ ಕಣಶಿಲೆಯದೇ.

ಜಪಾನ್, ಚೀನಾ ತೆಗೆದದ್ದು ಬೇರೆಯೇ ವಸ್ತು. ಸಮುದ್ರದ ಕೆಳಗೆ, ಚಳಿ ಮತ್ತು ಒತ್ತಡದಲ್ಲಿ ನೀರಿನ ಹರಳಿನೊಳಗೆ ಸಿಕ್ಕಿಕೊಂಡ ಮೀಥೇನ್ ಹೈಡ್ರೇಟ್, ಉರಿಯುವ ಮಂಜುಗಡ್ಡೆ ಎನ್ನುತ್ತಾರಲ್ಲ ಅದು. ಒಂದು ಘನ ಮೀಟರ್ ಹೈಡ್ರೇಟಿನಲ್ಲಿ ಸುಮಾರು 164 ಘನ ಮೀಟರ್ ಅನಿಲ ಅಡಗಿರುತ್ತದೆ, ಆಸೆ ಹುಟ್ಟುವುದು ಸಹಜ. ಭಾರತವೂ 2006 ಮತ್ತು 2015ರಲ್ಲಿ ಹಡಗಿನಿಂದ ಕೊರೆದು ಕೃಷ್ಣಾ-ಗೋದಾವರಿ ಕಡಲ ಪ್ರದೇಶದಲ್ಲಿ ದಪ್ಪ ಪದರಗಳನ್ನು ಕಂಡಿದೆ. ಇಲ್ಲೂ ಪ್ರಶ್ನೆ ಹರಿವಿನದೇ. ಒತ್ತಡ ಇಳಿಸಿದರೆ ಹರಳು ಕರಗಿ ಅನಿಲ ಬರುತ್ತದೆ. ಆದರೆ ಕರಗಲು ಅದು ಸುತ್ತಲಿನ ಶಾಖ ಹೀರುತ್ತದೆ, ಪದರ ತಣ್ಣಗಾಗಿ ಕರಗುವುದೇ ನಿಧಾನವಾಗುತ್ತದೆ. ಮರಳಿನ ಕಣಗಳನ್ನು ಹಿಡಿದಿಟ್ಟಿದ್ದು ಆ ಹರಳೇ, ಅದು ಹೋದರೆ ಮರಳು ಸಡಿಲವಾಗಿ ಬಾವಿಗೆ ನುಗ್ಗುತ್ತದೆ. ಜಪಾನಿನ 2013ರ ಪರೀಕ್ಷೆ ಆರು ದಿನಕ್ಕೆ ನಿಂತದ್ದು ಹೀಗೆ ಮರಳು ತುಂಬಿ. ಬಂದ ಅನಿಲ ಒಟ್ಟು 1.2 ಲಕ್ಷ ಘನ ಮೀಟರ್. ಚೀನಾ 2017ರಲ್ಲಿ 60 ದಿನಕ್ಕೆ 3 ಲಕ್ಷ, 2020ರಲ್ಲಿ 30 ದಿನಕ್ಕೆ 8.6 ಲಕ್ಷ ತೆಗೆಯಿತು. ಈ ಕೊನೆಯದನ್ನೇ ಹಿಡಿದರೂ ದಿನಕ್ಕೆ 29 ಸಾವಿರ ಘನ ಮೀಟರ್ ಆಗುತ್ತದೆ. ಮೇಲೆ ಹೇಳಿದ 4.8 ಲಕ್ಷದ ಪಕ್ಕದಲ್ಲಿಡಿ: 6 ಮೆಗಾವಾಟ್. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತಿರುವ ಕೆಲವೇ ಗಾಳಿಯಂತ್ರಗಳ ಸಾಮರ್ಥ್ಯ ಅಷ್ಟಾಗುತ್ತದೆ.

ಸಿಕ್ಕಿತೆಂದೇ ಇಟ್ಟುಕೊಂಡರೂ ಒಂದು ಕೆ.ಜಿ. ಮೀಥೇನ್ ಉರಿದರೆ 2.75 ಕೆ.ಜಿ. ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ. ಉರಿಯದೆ ಸೋರಿದರೆ ಇನ್ನೂ ಕೆಟ್ಟದ್ದು: ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈ ಆಕ್ಸೈಡಿಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುತ್ತದೆ.

ಕರಾರಿನ ವಿಷಯ. ನಮ್ಮ ದೇಶದಲ್ಲಿ ನೆಲದಡಿಯ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದ ಶೋಧನೆಗೆ 1948ರ ತೈಲಕ್ಷೇತ್ರ ಕಾಯ್ದೆಯಡಿ ಸರ್ಕಾರದ ಪರವಾನಗಿ ಬೇಕು. ಪಹಣಿ ನಿಮ್ಮ ಹೆಸರಿನಲ್ಲಿದ್ದರೂ ಕೆಳಗಿನ ಅನಿಲ ತೆಗೆಯುವ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡಲು ನಿಮಗೆ ಬರುವುದಿಲ್ಲ. ಹಣ ಕೇಳುವವರ ಬಳಿ ಪರವಾನಗಿಯ ಪ್ರತಿ ಮತ್ತು ಬ್ಲಾಕಿನ, ಅಂದರೆ ಪರವಾನಗಿ ಕೊಟ್ಟ ಜಾಗದ ನಕ್ಷೆ ಕೇಳಿ, ಕೇಂದ್ರ ಸರ್ಕಾರದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದಲ್ಲಿ ಅದನ್ನು ತಾಳೆ ನೋಡಿ. ನೆಲಕ್ಕೆ ಕಂಪನ ಕೊಟ್ಟು ಒಳಗಿನ ಪದರ ನೋಡುವ ಭೂಕಂಪನ ಸಮೀಕ್ಷೆಯ ವರದಿ, ಬಾವಿಯ ಹರಿವಿನ ಪರೀಕ್ಷೆಯ ದಾಖಲೆ ಕೇಳಿ. ನಿಜವಾಗಿ ಶೋಧನೆ ಮಾಡುವವರು ನೆಲದ ಮಾಲೀಕನಿಗೆ ಹಣ ಕೊಡುತ್ತಾರೆ, ಅವನಿಂದ ಮುಂಗಡ ತೆಗೆದುಕೊಳ್ಳುವುದಿಲ್ಲ.

ಮೀಥೇನೇ ಬೇಕೆಂದರೆ ಕೊಟ್ಟಿಗೆಯಲ್ಲಿದೆ. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಸಾಕು. ನಾಲ್ಕೈದು ದನ ಇದ್ದರೆ ಆಯಿತು. ತಿಂಗಳಿಗೆ ಸುಮಾರು 26 ಕೆ.ಜಿ. ಎಲ್‌ಪಿಜಿ ಉಳಿಯುತ್ತದೆ, ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ.

ಕೊನೆಗೆ ನಿಮ್ಮ ಬೋರ್. ಬಾಯಿಯ ಹತ್ತಿರ ಬೆಂಕಿಕಡ್ಡಿ ಗೀರಿ ನೋಡಬೇಡಿ. ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಸೇರಿದರೆ ಸಿಡಿಯುತ್ತದೆ, ಪಂಪ್‌ಹೌಸಿನ ಸ್ಟಾರ್ಟರ್ ಕಿಡಿಯೇ ಸಾಕು, ಬಾಗಿಲು-ಕಿಟಕಿ ತೆರೆದಿಡಿ. ಮೀಥೇನಿಗೆ ವಾಸನೆಯಿಲ್ಲ. ಮೊಟ್ಟೆ ಕೊಳೆತ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಆಮ್ಲಜನಕವಿಲ್ಲದ ನೀರಿನಲ್ಲಿ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಅದನ್ನು ಮಾಡುತ್ತವೆ. ಗುಳ್ಳೆ ಯಾವಾಗ ಬರುತ್ತದೆ ಗಮನಿಸಿ. ಪಂಪ್ ಹಾಕಿದ ಕೂಡಲೇ ನೀರು ತಿಳಿಯಾಗಿದ್ದು, ಇಪ್ಪತ್ತು-ಮೂವತ್ತು ನಿಮಿಷದ ಮೇಲೆ ಗುಳ್ಳೆ ಶುರುವಾದರೆ ಮಟ್ಟ ಇಳಿದು ಮೋಟಾರ್ ಗಾಳಿ ಎಳೆಯುತ್ತಿದೆ. ಗೇಟ್‌ವಾಲ್ವ್ ಅರ್ಧ ಮುಚ್ಚಿ. ಗುಳ್ಳೆ ನಿಂತರೆ ಅದು ಗಾಳಿಯೇ. ಹಾಗೇ ಓಡಿಸುತ್ತಿದ್ದರೆ ಮೋಟಾರ್ ಸುಡುತ್ತದೆ, ಹರಿವು ಕಡಿಮೆ ಮಾಡಿ ಇಲ್ಲವೇ ಡ್ರೈ ರನ್ ರಕ್ಷಣೆ ಹಾಕಿಸಿ.

ನಿಲ್ಲದಿದ್ದರೆ ಮಾದರಿ ಹಿಡಿಯಿರಿ. ಒಂದು ಲೀಟರಿನ ಗಾಜಿನ ಬಾಟಲಿಗೆ ಅದೇ ನೀರು ತುಂಬಿ, ಬಕೆಟ್ಟಿನ ನೀರಿನೊಳಗೆ ತಲೆಕೆಳಗು ಮಾಡಿ ಹಿಡಿದು, ಬಾಯಿಗೆ ಆಲಿಕೆ ಇಟ್ಟು ಗುಳ್ಳೆಯನ್ನು ಅದರೊಳಗೆ ಬಿಡಿ. ಮುಕ್ಕಾಲು ಭಾಗ ಅನಿಲ ತುಂಬಿದಾಗ, ಒಂದಿಷ್ಟು ನೀರು ಒಳಗೇ ಇರುವಂತೆ, ನೀರಿನಡಿಯಲ್ಲೇ ರಬ್ಬರ್ ಬಿರಡೆ ಹಾಕಿ ತಲೆಕೆಳಗಾಗಿಯೇ ಸಾಗಿಸಿ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇರುವ ಪ್ರಯೋಗಾಲಯ ಸಾರಜನಕ, ಆಮ್ಲಜನಕ, ಕಾರ್ಬನ್ ಡೈ ಆಕ್ಸೈಡ್, ಮೀಥೇನ್ ಎಷ್ಟೆಷ್ಟು ಎಂದು ಹೇಳುತ್ತದೆ. ಮೀಥೇನ್ ಕಂಡರೆ ಮುಂದಿನ ಹೆಜ್ಜೆ ಕಾರ್ಬನ್-13 ಎಂಬ ಭಾರದ ಕಾರ್ಬನ್ನಿನ ಅಳತೆ. ಒಂದು ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಅದನ್ನು ಮೈನಸ್‌ನಲ್ಲಿ ಹೇಳುತ್ತಾರೆ: ಮೈನಸ್ 60ಕ್ಕಿಂತ ಕೆಳಗಿದ್ದರೆ ಸೂಕ್ಷ್ಮಜೀವಿಗಳದು, ಮೈನಸ್ 50ರಿಂದ 25ರ ನಡುವೆ ಶಾಖದಿಂದ ಆದದ್ದು, ಮೈನಸ್ 20ಕ್ಕಿಂತ ಮೇಲಿದ್ದರೆ ಅಜೈವಿಕದ ಸಂಶಯ. ಈ ಗಡಿಗಳು ಒಂದರ ಮೇಲೊಂದು ಬರುವುದರಿಂದ ಇದೊಂದನ್ನೇ ನಂಬದೆ ಈಥೇನ್, ಪ್ರೊಪೇನ್ ಮತ್ತು ಹೀಲಿಯಂ ಅಳತೆಯೂ ಬೇಕು. ಕಾರ್ಬನ್-14 ಸಿಕ್ಕರೆ ಅದು ತೀರಾ ಹೊಸ ಅನಿಲ, ತಿಪ್ಪೆಯದೋ ಶೌಚಗುಂಡಿಯದೋ ಸೋರಿಕೆ.

ಮಾದರಿ ಹಿಡಿದ ನಂತರವೇ ವಾಸನೆಗೆ ಮದ್ದು ಮಾಡಿ. ಆರೂವರೆ ಇಂಚಿನ ಬೋರಿನಲ್ಲಿ 100 ಮೀಟರ್ ನೀರಿನ ಕಂಬಕ್ಕೆ ಶೇ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 350 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗೆ ಕೂರಲು ಬಿಟ್ಟು, ತಿಳಿಯನ್ನು ಮಾತ್ರ ಬೋರಿಗೆ ಸುರಿಯಿರಿ. ಗಸಿ ಹೋದರೆ ಬಿರುಕು ಕಟ್ಟಿಕೊಳ್ಳುತ್ತದೆ. ಒಂದು ರಾತ್ರಿ ಬಿಟ್ಟು, ಕ್ಲೋರಿನ್ ವಾಸನೆ ಹೋಗುವವರೆಗೆ ನೀರನ್ನು ಹೊರಗೆ ಹರಿಸಿ. ಆ ನೀರು ದನದ ತೊಟ್ಟಿಗೂ ಸಸಿ ಮಡಿಗೂ ಹೋಗದಂತೆ ನೋಡಿಕೊಳ್ಳಿ.